ಒಂದು ಮೊಬೈಲ್, ಮೂವತ್ತೆಂಟು ಮಕ್ಕಳು: ಪ್ರಾಥಮಿಕ ತರಗತಿಯಲ್ಲಿ ತಂತ್ರಜ್ಞಾನ ಮತ್ತು ಮಾಧ್ಯಮ ಸಾಕ್ಷರತೆಗೆ ಒಂದು ಸಮಗ್ರ ಮಾರ್ಗದರ್ಶಿ

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದ್ದ ದಿನಗಳು. ಪ್ರಾರ್ಥನೆ ಮುಗಿಯುತ್ತಲೇ ನಮ್ಮ ಐದನೇ ತರಗತಿಯ ಹುಡುಗಿಯೊಬ್ಬಳು ಓಡಿ ಬಂದು, ‘ಮಿಸ್, ಟೊಮೆಟೊ ಎಲ್ಲಾ ರೋಡಿಗೆ ಸುರೀತಾವ್ರಂತೆ, ರೇಟೇ ಇಲ್ವಂತೆ, ವಿಡಿಯೋ ಬಂದೈತೆ’ ಅಂದಳು. ಹಿಂದಿನ ದಿನವಷ್ಟೇ ಅವಳಪ್ಪ ಅದೇ ಮಂಡಿಗೆ ಮಾಲು ಹಾಕಿ ಕೈತುಂಬ ದುಡ್ಡು ತಂದಿದ್ದರು. ಮನೆಯಲ್ಲಿ ಎಣಿಸಿದ ನೋಟಿಗಿಂತ ಮೊಬೈಲಿನಲ್ಲಿ ಕಂಡ ವಿಡಿಯೋ ಅವಳಿಗೆ ಹೆಚ್ಚು ನಿಜವಾಗಿ ಕಂಡಿತ್ತು. ಅದು ಹಿಂದೆಂದೋ ರೇಟು ಬಿದ್ದಾಗ ತೆಗೆದ ವಿಡಿಯೋ. ‘ಇದು ಯಾವತ್ತಿಂದು?’ ಎಂದು ಅವಳು ಕೇಳಿರಲಿಲ್ಲ. ಕೇಳಬೇಕು ಎಂದು ನಾನೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಯವರೆಗೆ ತಂತ್ರಜ್ಞಾನ ಎಂದರೆ ಪಾಠಕ್ಕೊಂದು ವಿಡಿಯೋ ಹಾಕುವುದು ಎಂದೇ ನಾನು ತಿಳಿದಿದ್ದೆ. ಈಗ ನನ್ನ ನಂಬಿಕೆ ಬೇರೆ. ಮಕ್ಕಳು ತಾವೇ ಒಂದು ಫೋಟೋ ತೆಗೆದು, ಒಂದು ಸುದ್ದಿ ಬರೆದು, ಒಂದು ದನಿ ರೆಕಾರ್ಡ್ ಮಾಡಿ ನೋಡಬೇಕು. ಮಾಡಿದವರಿಗೇ ಅದರೊಳಗಿನ ಮಾಟ ತಿಳಿಯುವುದು. ಈ ಬರಹದ ಹೆಜ್ಜೆಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತವೆ. ನಾಲ್ಕರಿಂದ ಏಳನೇ ತರಗತಿಗೆ ಪಾಠ ಮಾಡುವ, ಶಾಲೆಯಲ್ಲಿ ತಮ್ಮದೇ ಒಂದು ಮೊಬೈಲ್ ಬಿಟ್ಟರೆ ಬೇರೇನೂ ಇಲ್ಲದ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸ್ಮಾರ್ಟ್ ಟಿವಿಯೋ ಪ್ರೊಜೆಕ್ಟರೋ ಇದ್ದರೆ ಕೆಲಸ ಇನ್ನಷ್ಟು ಸಲೀಸು.

ಹೆಜ್ಜೆ 1: ಇರುವುದರ ಲೆಕ್ಕ ಹಾಕಿ

ಜೂನ್ ಮೊದಲ ವಾರದಲ್ಲೇ ಶಾಲೆಯ ಬೀರು ತೆರೆದು ನೋಡಿ. ಹಳೇ ಸ್ಪೀಕರ್, ಯಾರೋ ದಾನಿಗಳು ಕೊಟ್ಟ ಟಿವಿ, ಬಳಸದೆ ಬಿದ್ದಿರುವ ಲ್ಯಾಪ್‌ಟಾಪ್ ಹೀಗೆ ಏನಾದರೂ ಸಿಗುತ್ತದೆ. ಕರೆಂಟು ಯಾವ ಹೊತ್ತಿಗೆ ಇರುತ್ತದೆ, ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬುದನ್ನೂ ಬರೆದಿಡಿ. ಕೊನೆಯ ಬೆಂಚಿಗೆ ದನಿ ಕೇಳುತ್ತದೆಯೇ ಎಂದು ಖುದ್ದು ಅಲ್ಲಿ ಕೂತು ಪರೀಕ್ಷಿಸಿ. ನನ್ನ ಅನುಭವದಲ್ಲಿ ಚಿತ್ರಕ್ಕಿಂತ ದನಿಯೇ ಹೆಚ್ಚು ಕೈಕೊಡುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಒಂದು ಬ್ಲೂಟೂತ್ ಸ್ಪೀಕರ್ ತನ್ನಿ.

ಆಮೇಲೆ ಮನೆಗಳ ಲೆಕ್ಕ. ‘ಯಾರ ಮನೇಲಿ ಸ್ಮಾರ್ಟ್‌ಫೋನ್ ಇದೆ, ಕೈ ಎತ್ತಿ’ ಎಂದು ತರಗತಿಯಲ್ಲಿ ಕೇಳಬೇಡಿ. ಕೈ ಎತ್ತದ ಮಗುವಿನ ಮುಖ ನೋಡಿದರೆ ಯಾಕೆ ಎಂದು ತಿಳಿಯುತ್ತದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ: ಫೋನು ಯಾರದು, ಮನೆಗೆ ಎಷ್ಟು ಹೊತ್ತಿಗೆ ಬರುತ್ತದೆ, ಅದರಲ್ಲಿ ಏನು ನೋಡುತ್ತಾರೆ, ಯಾವ ಭಾಷೆಯಲ್ಲಿ ನೋಡುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಮನೆಮಾತು ತೆಲುಗು, ಕೆಲವರಿಗೆ ಉರ್ದು. ಕೆಜಿಎಫ್ ಕಡೆ ತಮಿಳೂ ಉಂಟು. ನೋಡುವ ವಿಡಿಯೋಗಳೂ ಆ ಭಾಷೆಯವೇ. ಮುಂದಿನ ಹೆಜ್ಜೆಗಳಿಗೆ ಈ ಮಾಹಿತಿ ಬೇಕೇ ಬೇಕು. ಅಪ್ಪ ತೋಟದಿಂದ ರಾತ್ರಿ ಎಂಟಕ್ಕೆ ಬರುವ ಮನೆಗೆ ಮೊಬೈಲ್ ಬೇಕಾಗುವ ಹೋಂವರ್ಕ್ ಕೊಡಬಾರದು. ಇದು ನಾನು ಮುರಿಯದ ನಿಯಮ.

ಹೆಜ್ಜೆ 2: ಮೊಬೈಲನ್ನು ತರಗತಿಗೆ ಸಿದ್ಧಗೊಳಿಸಿ

ಬೇಕಾದುದನ್ನೆಲ್ಲ ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ತರಗತಿಯಲ್ಲಿ ಯೂಟ್ಯೂಬನ್ನು ನೇರವಾಗಿ ಓಡಿಸಿದರೆ ಪಾಠದ ನಡುವೆ ಯಾವ ಜಾಹೀರಾತು ಬರುತ್ತದೋ ಹೇಳಲಾಗದು. ನೆಟ್‌ವರ್ಕ್ ಸುತ್ತುತ್ತಾ ನಿಂತರೆ ಮೂವತ್ತೆಂಟು ಮಕ್ಕಳನ್ನು ಮತ್ತೆ ಪಾಠಕ್ಕೆ ಎಳೆಯುವುದೂ ಕಷ್ಟ.

ನಾನು ಹೆಚ್ಚು ಬಳಸುವುದು ಮೂರು. ಒಂದು, ದೀಕ್ಷಾ ಆ್ಯಪ್. ಇದು 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಅದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಎರಡು, ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್. ಇಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ಕನ್ನಡದ ಚಿತ್ರಕಥೆಗಳು ಸಿಗುತ್ತವೆ. ಅವು ಮುಕ್ತ ಪರವಾನಗಿಯಲ್ಲಿರುವುದರಿಂದ, ಬರೆದವರ ಹೆಸರು ಹಾಕಿದರೆ ಪ್ರಿಂಟ್ ತೆಗೆಯಬಹುದು, ಬದಲಿಸಿಯೂ ಬಳಸಬಹುದು. ಒಂದೇ ಕಥೆಯನ್ನು ತೆಲುಗಿನಲ್ಲೂ ಕನ್ನಡದಲ್ಲೂ ಅಕ್ಕಪಕ್ಕ ಓದಿಸುವುದು ನಮ್ಮ ಗಡಿ ಶಾಲೆಗಳಿಗೆ ದೊಡ್ಡ ಉಪಕಾರ. ಮೂರು, ಫೆಟ್ ಎಂಬ ವಿಜ್ಞಾನ ಪ್ರಯೋಗಗಳ ತಾಣ. ಕೊಲರಾಡೊ ವಿಶ್ವವಿದ್ಯಾಲಯದವರು ನಡೆಸುವ ಈ ತಾಣದ ಎಷ್ಟೋ ಪ್ರಯೋಗಗಳು ಕನ್ನಡದಲ್ಲಿವೆ. ಇಳಿಸಿಟ್ಟುಕೊಂಡರೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ.

ತರಗತಿಗೆ ಹೋಗುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ. ಸ್ಪೀಕರಿಗಾಗಿ ಬ್ಲೂಟೂತ್ ಒಂದನ್ನು ಮತ್ತೆ ಆನ್ ಮಾಡಿಕೊಂಡರಾಯಿತು. ಮಕ್ಕಳ ಕೈಗೆ ಫೋನ್ ಕೊಡುವುದಾದರೆ ಆ್ಯಪ್ ಪಿನ್ ಮಾಡಿ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗದಲ್ಲಿ ಇದು ಇರುತ್ತದೆ. ಪಿನ್ ತೆಗೆಯುವಾಗ ಫೋನಿನ ಲಾಕ್ ಕೇಳುವ ಆಯ್ಕೆಯನ್ನೂ ಆನ್ ಮಾಡಿದರೆ, ಪಿನ್ ಮಾಡಿದ ಆ್ಯಪ್ ಬಿಟ್ಟು ಬೇರೆಯದಕ್ಕೆ ಮಗು ಹೋಗಲಾಗದು. ನಿಮ್ಮ ಬ್ಯಾಂಕ್ ಮೆಸೇಜು, ಮನೆಯ ಫೋಟೋ ಎಲ್ಲ ಸುರಕ್ಷಿತ.

ಹೆಜ್ಜೆ 3: ಮೂರು ನಿಮಿಷದ ವಿಡಿಯೋ, ಮೂವತ್ತು ನಿಮಿಷದ ಪಾಠ

ಪೂರ್ತಿ ಪೀರಿಯಡ್ ವಿಡಿಯೋ ಹಾಕಿ ಕೂರಿಸಿದರೆ ಗಲಾಟೆ ಇರುವುದಿಲ್ಲ, ಕಲಿಕೆಯೂ ಇರುವುದಿಲ್ಲ. ಮೂರು ನಾಲ್ಕು ನಿಮಿಷ ಸಾಕು. ಮೊದಲು ಒಂದು ಪ್ರಶ್ನೆ ಬೋರ್ಡಿನ ಮೇಲೆ ಬರೆಯಿರಿ. ನಡುವೆ ಎರಡು ಕಡೆ ನಿಲ್ಲಿಸಿ, ‘ಮುಂದೆ ಏನಾಗುತ್ತೆ?’ ಎಂದು ಊಹಿಸಲು ಬಿಡಿ. ಮುಗಿದ ಮೇಲೆ ಕೈಯಿಂದ ಮಾಡುವ ಕೆಲಸ ಕೊಡಿ. ಒಮ್ಮೆ ದನಿ ಬಂದ್ ಮಾಡಿ ತೋರಿಸಿ, ಮಕ್ಕಳಿಂದಲೇ ವಿವರಣೆ ಹೇಳಿಸಿ. ಆಮೇಲೆ ದನಿಯೊಂದಿಗೆ ತೋರಿಸಿ. ಚಿತ್ರ ಹೇಳಿದ್ದೆಷ್ಟು, ದನಿ ಸೇರಿಸಿದ್ದೆಷ್ಟು ಎಂದು ಅವರೇ ಬಿಡಿಸಿ ನೋಡುತ್ತಾರೆ. ಮಾಧ್ಯಮದ ಪಾಠ ಅಲ್ಲೇ ಶುರುವಾಯಿತು.

ಹಳೇ ಫೋಟೋವನ್ನೂ ಹೀಗೆಯೇ ಓದಿಸಬಹುದು. ಕೆಜಿಎಫ್ ನಮ್ಮ ಜಿಲ್ಲೆಯದೇ ಕಥೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಅಲ್ಲಿ ಚಿನ್ನದ ಗಣಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರಲ್ಲಿ ಗಣಿ ಮುಚ್ಚಿತು. ಗಣಿಯ ಒಂದು ಹಳೇ ಚಿತ್ರ ತೋರಿಸಿ ಕೇಳಿ: ಈ ಫೋಟೋ ಯಾರು ತೆಗೆಸಿರಬಹುದು? ಆಗ ಕ್ಯಾಮೆರಾ ಯಾರ ಹತ್ತಿರ ಇತ್ತು? ಗಣಿಯೊಳಗೆ ಇಳಿಯುತ್ತಿದ್ದವರ ಕೈಗೆ ಕ್ಯಾಮೆರಾ ಸಿಕ್ಕಿದ್ದರೆ ಅವರು ಏನನ್ನು ತೆಗೆಯುತ್ತಿದ್ದರು? ತಾತ ಗಣಿಯಲ್ಲಿ ದುಡಿದಿದ್ದ ಒಬ್ಬ ಹುಡುಗ ನಮ್ಮ ತರಗತಿಯಲ್ಲಿದ್ದ. ‘ನಮ್ ತಾತನ ಕೆಮ್ಮು ಫೋಟೋದಲ್ಲಿ ಬರಲ್ಲ ಮಿಸ್’ ಎಂದ. ಚೌಕಟ್ಟಿನ ಹೊರಗೇನಿದೆ ಎಂದು ಕೇಳುವುದನ್ನು ಆ ಮಗು ಒಂದೇ ಮಾತಿನಲ್ಲಿ ತರಗತಿಗೆಲ್ಲ ಕಲಿಸಿತು.

ಹೆಜ್ಜೆ 4: ಮಕ್ಕಳೇ ಮಾಡಲಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ. ಜುಲೈಯಿಂದ ದಸರಾ ರಜೆಯವರೆಗೆ, ವಾರಕ್ಕೆ ಒಂದು ಪೀರಿಯಡ್ ಸಾಕು.

ಮೊದಲು ದನಿ. ಫೋನಿನ ರೆಕಾರ್ಡರ್ ತೆರೆದು, ಇಬ್ಬಿಬ್ಬರನ್ನು ಕೂರಿಸಿ ಪಠ್ಯದ ಒಂದು ಪ್ಯಾರಾ ಓದಿಸಿ. ಕೇಳಿಸಿ. ಮತ್ತೆ ಓದಿಸಿ. ತೆಲುಗು ಮನೆಯ ಮಕ್ಕಳು ತಮ್ಮ ಕನ್ನಡ ತಾವೇ ಕೇಳಿದಾಗ, ನಾನು ತಿದ್ದುವುದಕ್ಕಿಂತ ಬೇಗ ತಿದ್ದಿಕೊಳ್ಳುತ್ತಾರೆ. ಯಾರ ಮುಂದೆಯೂ ನಾಚಿಕೆಯಿಲ್ಲ, ಬೇಡವಾದರೆ ಅಳಿಸಿ ಮತ್ತೆ ಓದಬಹುದು. ಅಜ್ಜಿ ತೆಲುಗಿನಲ್ಲಿ ಹೇಳಿದ ಕಥೆಯನ್ನು ಕೇಳಿಕೊಂಡು ಬಂದು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡುವುದು ಮುಂದಿನ ಮಜಲು. ಇದರಲ್ಲಿ ಅಜ್ಜಿಯ ಮಾತಿಗೂ ಮರ್ಯಾದೆ ಸಿಗುತ್ತದೆ.

ಆಮೇಲೆ ಫೋಟೋ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪಿಗೆ ‘ನಮ್ಮ ಶಾಲೆಯ ಅಂಗಳ ತುಂಬ ಚೆನ್ನಾಗಿದೆ’ ಎಂದು ಸಾಬೀತುಪಡಿಸುವ ಮೂರು ಫೋಟೋ ತೆಗೆಯಲು ಹೇಳಿ. ಇನ್ನೊಂದಕ್ಕೆ ‘ನಮ್ಮ ಶಾಲೆಯ ಅಂಗಳ ಗಲೀಜಾಗಿದೆ’ ಎಂದು ತೋರಿಸುವ ಮೂರು ಫೋಟೋ. ಅದೇ ಅಂಗಳ, ಅದೇ ಹತ್ತು ನಿಮಿಷ. ಒಂದು ನಿಯಮ ಮಾತ್ರ: ಯಾವ ವಸ್ತುವನ್ನೂ ಎತ್ತಿ ಇಡುವಂತಿಲ್ಲ, ಸುಳ್ಳು ಸೇರಿಸುವಂತಿಲ್ಲ. ಮೊದಲ ಗುಂಪು ದಾಸವಾಳದ ಗಿಡ, ಬಣ್ಣ ಬಳಿದ ಗೋಡೆ, ಧ್ವಜಕಟ್ಟೆ ತಂದಿತು. ಎರಡನೆಯದು ಕೈತೊಳೆಯುವ ನಲ್ಲಿಯ ಕೆಸರು, ಹಾರಿಬಿದ್ದ ಬಿಸ್ಕತ್ತಿನ ಕವರು, ಒಡೆದ ಹೆಂಚು ತಂದಿತು. ಆರೂ ಫೋಟೋಗಳನ್ನು ಸಾಲಾಗಿ ತೋರಿಸಿ, ‘ಇದರಲ್ಲಿ ಸುಳ್ಳು ಯಾವುದು?’ ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಹಿಂದಿನ ಸಾಲಿನಿಂದ ದನಿ ಬಂತು: ‘ಸುಳ್ಳಿಲ್ಲ ಮಿಸ್. ಆದ್ರೆ ಒಂದೇ ಕಡೆ ನೋಡಿದ್ರೆ ಮೋಸ ಹೋಗ್ತೀವಿ.’ ಸುಳ್ಳು ಹೇಳದೆಯೂ ಮೋಸ ಮಾಡಬಹುದು ಎಂಬುದನ್ನು ಹತ್ತು ವರ್ಷದ ಮಗುವಿಗೆ ಬಾಯಿಮಾತಿನಲ್ಲಿ ವಿವರಿಸಲು ನನಗೆ ಇನ್ಯಾವ ದಾರಿಯೂ ತಿಳಿಯದು.

ಮುಂದಿನ ವಾರ ಅದೇ ಫೋಟೋಗಳನ್ನು ಕತ್ತರಿಸುವುದು. ಗ್ಯಾಲರಿಯ ಕ್ರಾಪ್ ಸಾಕು. ಬಿಸಿಯೂಟದ ಸಾಲಿನಲ್ಲಿ ಎಲ್ಲರೂ ನಗುತ್ತಾ ನಿಂತ ಫೋಟೋದಿಂದ ಒಂದೇ ಸಪ್ಪೆ ಮುಖವನ್ನು ಉಳಿಸಿಕೊಂಡರೆ ಕಥೆಯೇ ಬದಲಾಗುತ್ತದೆ. ಇನ್ನೊಂದು ವಾರ ಒಂದೇ ಫೋಟೋಗೆ ಮೂರು ತಲೆಬರಹ. ಖಾಲಿ ಕೆರೆಯ ಚಿತ್ರಕ್ಕೆ ‘ಕೆರೆ ಒಣಗಿತು’, ‘ಕೆರೆ ಹೂಳೆತ್ತಲು ಸಕಾಲ’, ‘ಆಟಕ್ಕೆ ದೊಡ್ಡ ಮೈದಾನ’ ಎಂದು ಮಕ್ಕಳೇ ಬರೆದರು. ಯಾವ ತಲೆಬರಹ ಓದಿದಾಗ ಸಿಟ್ಟು ಬಂತು, ಯಾವುದಕ್ಕೆ ನಗು ಬಂತು ಎಂದು ಗುರುತು ಮಾಡಿಸಿ.

ಇದೆಲ್ಲ ಆದ ಮೇಲೆ ಶನಿವಾರದ ವಾರ್ತೆ. ಎರಡು ನಿಮಿಷದ ಬುಲೆಟಿನ್, ಐದು ಜನರ ತಂಡ. ಇಬ್ಬರು ಸುದ್ದಿ ತರುವವರು, ಒಬ್ಬರು ಬರೆಯುವವರು, ಒಬ್ಬರು ಓದುವವರು, ಒಬ್ಬರು ‘ತಡೆಯುವವರು’. ಈ ತಡೆಯುವವರ ಕೆಲಸ ಒಂದೇ: ‘ನಿನಗೆ ಯಾರು ಹೇಳಿದ್ರು? ಇನ್ನೊಬ್ಬರನ್ನ ಕೇಳಿದೆಯಾ?’ ಎಂದು ಕೇಳಿ, ಉತ್ತರ ಸಿಗುವವರೆಗೆ ಸುದ್ದಿಯನ್ನು ಬಿಡದಿರುವುದು. ತಂಡ ಪ್ರತಿ ವಾರ ಬದಲಾಗಲಿ. ನಮ್ಮ ವಾರ್ತೆಯಲ್ಲಿ ಖಾಯಂ ಆಗಿ ಬರುವ ಸುದ್ದಿ ಟೊಮೆಟೊ ರೇಟು. ಮಂಡಿಗೆ ಹೋಗಿ ಬಂದ ಮೂರು ಮನೆಗಳಿಂದ ರೇಟು ಕೇಳಿ ತರುತ್ತಾರೆ. ಮೂರೂ ಬೇರೆ ಬೇರೆ ಇರುತ್ತವೆ. ಯಾಕೆ ಬೇರೆ ಎಂಬ ಚರ್ಚೆಯಲ್ಲೇ ಗಣಿತದ ಸರಾಸರಿಯೂ ಬಂತು, ಮಾಲಿನ ಗುಣಮಟ್ಟವೂ ಬಂತು.

ಹೆಜ್ಜೆ 5: ನಾಲ್ಕು ಪ್ರಶ್ನೆ, ಹಳೇ ವದಂತಿಗಳ ಮೇಲೆ ಅಭ್ಯಾಸ

ಯಾರು ಮಾಡಿದ್ದು? ಯಾವತ್ತಿಂದು? ಎಲ್ಲಿಯದು? ನನ್ನಿಂದ ಏನು ಬಯಸುತ್ತದೆ? ಈ ನಾಲ್ಕನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಇಂದಿನ ಬಿಸಿ ಸುದ್ದಿಯ ಮೇಲೆ ಅಭ್ಯಾಸ ಬೇಡ. ಊರಲ್ಲಿ ಪಕ್ಷ, ಜಾತಿ, ಜಗಳ ಇರುತ್ತವೆ, ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ತಣ್ಣಗಾದ ಹಳೇ ವದಂತಿಗಳೇ ಒಳ್ಳೆಯ ಪಠ್ಯ.

ದೀಪಾವಳಿ ಬಂದರೆ ಸಾಕು, ‘ನಾಸಾ ಬಾಹ್ಯಾಕಾಶದಿಂದ ತೆಗೆದ ದೀಪಾವಳಿ ರಾತ್ರಿಯ ಭಾರತ’ ಎಂಬ ಬಣ್ಣಬಣ್ಣದ ಚಿತ್ರ ಹರಿದಾಡುತ್ತದೆ. ಅದು ಒಂದು ರಾತ್ರಿಯ ಫೋಟೋ ಅಲ್ಲ. ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಸೇರಿಸಿ ಅಮೆರಿಕದ ವಿಜ್ಞಾನಿಯೊಬ್ಬರು ತಯಾರಿಸಿದ ನಕ್ಷೆ. ಬಿಳಿ ಎಂದರೆ 1992ಕ್ಕೂ ಮೊದಲೇ ಇದ್ದ ಬೆಳಕು. ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಹೊಸದಾಗಿ ಕಂಡದ್ದು. ಊರುಗಳು ಬೆಳೆದ ಬಗೆಯನ್ನು ತೋರಿಸುವ ಚಿತ್ರಕ್ಕೆ ಯಾರೋ ಹಬ್ಬದ ಹೆಸರಿಟ್ಟರು. 2016ರಲ್ಲಿ ಬಂದ 2,000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ ಎಂಬ ಮಾತು ಮನೆಯ ದೊಡ್ಡವರಿಗೆಲ್ಲ ನೆನಪಿದೆ. ಚಿಪ್ ಇರಲಿಲ್ಲ. ಮಕ್ಕಳು ಮನೆಗೆ ಹೋಗಿ, ‘ಆಗ ನೀವು ನಂಬಿದ್ರಾ?’ ಎಂದು ಕೇಳಿ ಬರಲಿ. ದೊಡ್ಡವರೂ ನಂಬಿದ್ದರು ಎಂದು ಗೊತ್ತಾದಾಗ, ತಾವು ಮೋಸಹೋದದ್ದನ್ನು ಒಪ್ಪಿಕೊಳ್ಳಲು ಮಕ್ಕಳಿಗೆ ಸಂಕೋಚವಾಗುವುದಿಲ್ಲ.

‘ಎಲ್ಲಿಯದು’ ಎಂಬುದನ್ನು ಪತ್ತೆ ಮಾಡುವುದು ನಮ್ಮ ಮಕ್ಕಳಿಗೆ ತುಂಬ ಇಷ್ಟ. ‘ನಮ್ಮ ಮುಳಬಾಗಿಲಲ್ಲಿ ನಡೆದಿದ್ದು’ ಎಂಬ ವಿಡಿಯೋ ಬಂದರೆ ಗಾಡಿಗಳ ನಂಬರ್ ಪ್ಲೇಟ್ ನೋಡಿಸಿ. ಕೋಲಾರ ಕೆಎ 07, ಕೆಜಿಎಫ್ ಕೆಎ 08, ಚಿಕ್ಕಬಳ್ಳಾಪುರ ಕೆಎ 40. ಎಲ್ಲವೂ ಬೇರೆ ರಾಜ್ಯದ ನಂಬರಾಗಿದ್ದರೆ ಅನುಮಾನಕ್ಕೆ ಜಾಗವಿದೆ. ಅಂಗಡಿ ಬೋರ್ಡಿನ ಲಿಪಿ, ಜನರ ಮಾತು, ಬಸ್ಸಿನ ಬಣ್ಣ, ಹೊಲದ ಬೆಳೆ ಎಲ್ಲವೂ ಸುಳಿವೇ. ಎರಡು ಮೂರು ಭಾಷೆ ಬಲ್ಲ ನಮ್ಮ ಗಡಿ ಮಕ್ಕಳು ಇದರಲ್ಲಿ ಬೆಂಗಳೂರಿನ ಮಕ್ಕಳಿಗಿಂತ ಚುರುಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶಿಕ್ಷಕರು ವಿಡಿಯೋದ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಹುಡುಕಿ, ಅದೇ ಚಿತ್ರ ಹಿಂದೆ ಎಲ್ಲಿ ಬಂದಿತ್ತು ಎಂದು ತೋರಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಎರಡು ಬಾಣದ ಗುರುತಿದ್ದರೆ, ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದ ಮಾವನಿಗೂ ಅದರ ಮೂಲ ಗೊತ್ತಿರುವುದಿಲ್ಲ.

ಶಿಕ್ಷಕರಿಗೆ ಮಾತ್ರ ಒಂದು ಮಾತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಮುಗಿಬಿದ್ದರು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ವಾಟ್ಸ್‌ಆ್ಯಪ್ ವದಂತಿಯಿಂದ ದೇಶದಲ್ಲಿ ಇಂಥ ಸಾವುಗಳು ಸಾಲಾಗಿ ಆದ ಆ ತಿಂಗಳಲ್ಲೇ, ಭಾರತದಲ್ಲಿ ಒಮ್ಮೆಗೆ ಐದು ಚಾಟಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದಂತೆ ಆ ಕಂಪನಿ ಮಿತಿ ಹಾಕಿತು. ಈ ಘಟನೆಯನ್ನು ಮಕ್ಕಳಿಗೆ ಹೇಳಬೇಡಿ, ಹೆದರುತ್ತಾರೆ. ಆದರೆ ನಾವು ಈ ಪಾಠಕ್ಕೆ ವಾರಕ್ಕೊಂದು ಪೀರಿಯಡ್ ಏಕೆ ಕೊಡಬೇಕು ಎಂದು ಯಾರಾದರೂ ಕೇಳಿದರೆ ಹೇಳಿ.

ಮನೆಯಲ್ಲಿ ಹೇಗೆ ಮಾತಾಡಬೇಕು ಎಂದೂ ಕಲಿಸಬೇಕು. ‘ತಾತ, ಇದು ಸುಳ್ಳು’ ಎಂದರೆ ಬೈಗುಳ ಬೀಳುತ್ತದೆ. ‘ತಾತ, ಇದು ಯಾವತ್ತಿಂದು ಅಂತ ನೋಡೋಣ್ವಾ?’ ಎಂದರೆ ತಾತನೂ ಕನ್ನಡಕ ಹುಡುಕುತ್ತಾರೆ. ಇದನ್ನು ತರಗತಿಯಲ್ಲಿ ಚಿಕ್ಕ ನಾಟಕದಂತೆ ಆಡಿಸಿ. ಪ್ರಶ್ನೆ ಕೇಳುವುದು ಈ ನೆಲಕ್ಕೆ ಹೊಸದೂ ಅಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ಮಾಡಿದ್ದರು. ಹಳ್ಳಿಯ ಸರ್ಕಾರಿ ಶಾಲೆಯಿಂದ ಹೋದವರು ಅವರು ಎಂದು ನಮ್ಮ ಮಕ್ಕಳಿಗೆ ಹೇಳುವಾಗ ನನಗೆ ಪ್ರತಿಸಲವೂ ಹೆಮ್ಮೆಯಾಗುತ್ತದೆ.

ಹೆಜ್ಜೆ 6: ಎಐ ಬಂದಾಗ

ಎಐ, ಅಂದರೆ ಕೃತಕ ಬುದ್ಧಿಮತ್ತೆ, ಮಾಡಿದ ನಕಲಿ ಚಿತ್ರವನ್ನು ಅದರಲ್ಲಿರುವವರ ಕೈಬೆರಳು ಎಣಿಸಿ ಗುರುತಿಸಿ ಎಂದು ಕಲಿಸಬೇಡಿ. ಅಂಥ ಗುರುತುಗಳು ಮಾಯವಾಗುತ್ತಿವೆ. ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಹಳತಾಗದು. ಮಕ್ಕಳಿಂದ ಅಕೌಂಟ್ ಮಾಡಿಸಬೇಡಿ, ನಿಮ್ಮ ಫೋನಿನಲ್ಲಿ ಎಐ ಆ್ಯಪನ್ನು ನೀವೇ ಕೇಳಿ. ‘ನಮ್ಮೂರಿನ ಕೆರೆಯ ಬಗ್ಗೆ ಹೇಳು’ ಎಂದು ಕೇಳಿ ಬಂದ ಉತ್ತರವನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳು ಅದನ್ನು ಊರ ಹಿರಿಯರಿಗೆ ಓದಿ ಹೇಳಿ, ತಪ್ಪಿಗೆ ಕೆಂಪು ಗೆರೆ, ಸರಿಗೆ ಹಸಿರು ಗೆರೆ ಎಳೆದು ತರಲಿ. ನಮ್ಮಲ್ಲಿ ಕೆಂಪೇ ಹೆಚ್ಚಿತ್ತು. ಅಷ್ಟು ನಯವಾದ ಕನ್ನಡದಲ್ಲಿ ತಪ್ಪು ಬರಬಹುದೆಂದು ಮಕ್ಕಳು ಎಣಿಸಿರಲಿಲ್ಲ.

ಹೆಜ್ಜೆ 7: ಸುರಕ್ಷತೆ

ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಮೆಸೇಜ್ ಓದಿ ಹೇಳುವವರು ಮಕ್ಕಳೇ. ಬ್ಯಾಂಕಿನ ಮೆಸೇಜು, ಗ್ಯಾಸಿನ ಮೆಸೇಜು, ಎಲ್ಲ ಅವರ ಕಣ್ಣಿನಿಂದಲೇ ಹೋಗಬೇಕು. ಆದ್ದರಿಂದ ಒಟಿಪಿ ಪಾಠ ಐದನೇ ತರಗತಿಗೇ ಬೇಕು. ಫೋನಿನಲ್ಲಿ ಯಾರೇ ಕೇಳಿದರೂ ಆ ಅಂಕಿ ಓದಿ ಹೇಳಬಾರದು, ಬ್ಯಾಂಕಿನವರು ಎಂದರೂ ಹೇಳಬಾರದು. ವಾಟ್ಸ್‌ಆ್ಯಪಿನಲ್ಲಿ ಬಂದ ಎಪಿಕೆ ಫೈಲು (ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವ ಫೈಲು) ಒತ್ತಬಾರದು. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಯಾರಾದರೂ ಹೆದರಿಸಿದರೆ, ಫೋಟೋ ಕಳಿಸು ಎಂದರೆ ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ನಂಬರು ಮಕ್ಕಳಿಗೆ ಬಾಯಿಪಾಠವಾಗಿರಲಿ.

ನಮ್ಮ ಕಡೆಯಿಂದಲೂ ಶಿಸ್ತು ಬೇಕು. ಶಾಲೆಯ ಕಾರ್ಯಕ್ರಮದ ಫೋಟೋವನ್ನು ಮಕ್ಕಳ ಹೆಸರು, ಊರು ಸಮೇತ ಸ್ಟೇಟಸ್‌ಗೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಅದನ್ನು ಬಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ವರ್ಷದ ಆರಂಭದಲ್ಲೇ ಪೋಷಕರ ಸಭೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪದವರ ಮಗು ದನಿ ಕೊಡಲಿ, ಬರೆಯಲಿ. ಮುಖ ಬೇಡ.

ಹೆಜ್ಜೆ 8: ದಾಖಲೆ, ಪೋಷಕರು, ಮುಂದಿನ ವರ್ಷ

ಇದಕ್ಕೆ ಬೇರೆ ಪರೀಕ್ಷೆ ಬೇಡ. ಪಾಠದ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಕನ್ನಡ, ಸಮಾಜ ವಿಜ್ಞಾನ, ಪರಿಸರ ಅಧ್ಯಯನದಲ್ಲೇ ಸೇರಿಸಬಹುದು. ಮಗು ಎಷ್ಟು ಚೆಂದದ ವಿಡಿಯೋ ಮಾಡಿತು ಎಂದು ನೋಡಬೇಡಿ. ಎಷ್ಟು ಜನರನ್ನು ಕೇಳಿ ಸುದ್ದಿ ಬರೆಯಿತು ಎಂದು ನೋಡಿ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಶನಿವಾರದ ವಾರ್ತೆಯನ್ನು ಒಮ್ಮೆ ತೋರಿಸಿ. ‘ಮೊಬೈಲ್ ಕೊಟ್ಟು ಹಾಳು ಮಾಡ್ತಾರೆ’ ಎನ್ನುತ್ತಿದ್ದ ಪೋಷಕರೇ ಮುಂದಿನ ವಾರ ಹಳೇ ಫೋನು ತಂದುಕೊಟ್ಟದ್ದು ನನ್ನ ಕಣ್ಣೆದುರೇ ನಡೆದಿದೆ. ಸಿಮ್ ಇಲ್ಲದ ಆ ಹಳೇ ಫೋನು ರೆಕಾರ್ಡಿಂಗಿಗೆ ಧಾರಾಳ ಸಾಕು. ಚೆನ್ನಾಗಿ ಬಂದ ಚಟುವಟಿಕೆಗಳನ್ನು ಕ್ಲಸ್ಟರ್ ಸಭೆಯಲ್ಲಿ ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮುಂದೆ ಇಡಿ, ಅಕ್ಕಪಕ್ಕದ ಶಾಲೆಯವರು ತಮ್ಮ ಅಂಗಳದ ಆರು ಫೋಟೋ ತಂದಾರು.

ಮಾರ್ಚ್ ಕೊನೆಗೆ ಫೋನಿನಲ್ಲಿರುವ ಮಕ್ಕಳ ಫೋಟೋಗಳನ್ನು ಅಳಿಸಿ. ಅಜ್ಜಿಯರ ಕಥೆ, ವಾರ್ತೆಯ ದನಿಗಳನ್ನು ಮಾತ್ರ ತಿಂಗಳು, ತರಗತಿ ಬರೆದ ಫೋಲ್ಡರುಗಳಲ್ಲಿ ಪೆನ್‌ಡ್ರೈವಿಗೆ ಹಾಕಿ, ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಜೂನಿನಲ್ಲಿ ಹೊಸದಾಗಿ ಬರುವ ಐದನೇ ತರಗತಿಗೆ ಮೊದಲ ದಿನ ಕೇಳಿಸಲು ಅವು ಬೇಕಾಗುತ್ತವೆ.